ಒಂದು ಸೀರೆ, ಒಂದು ಸಹಿ



ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗುವ ದಸ್ತಾವೇಜುಗಳಲ್ಲಿ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳ ಜೊತೆಗೆ ಹಕ್ಕುಬಿಡುಗಡೆ ಪತ್ರ ಎಂಬುದೂ ಒಂದು. ಜನರ ಬಾಯಲ್ಲಿ ಅದು 'ರಿಲೀಸ್ ಡೀಡ್'. ಕುಟುಂಬದ ಆಸ್ತಿಯಲ್ಲಿ ತನಗಿರುವ ಪಾಲನ್ನು ಒಬ್ಬರು ಮತ್ತೊಬ್ಬರ ಪರವಾಗಿ ಬಿಟ್ಟುಕೊಟ್ಟೆನೆಂದು ಬರೆದುಕೊಡುವ ಪತ್ರವದು. ಯಾರು ಯಾರಿಗೆ ಬರೆದುಕೊಡಬೇಕೆಂದು ಕಾನೂನು ಹೇಳುವುದಿಲ್ಲ. ಅಣ್ಣ ತಂಗಿಗೆ ಬರೆದುಕೊಡಬಹುದು. ತಂಗಿ ಅಣ್ಣನಿಗೂ ಬರೆದುಕೊಡಬಹುದು. ಆದರೆ ನನ್ನ ಅರವತ್ತು ಚಿಲ್ಲರೆ ವರ್ಷಗಳ ಬದುಕಿನಲ್ಲಿ ಅಣ್ಣನೊಬ್ಬ ತಂಗಿಯ ಪರವಾಗಿ ತನ್ನ ಪಾಲನ್ನು ಬಿಟ್ಟುಕೊಟ್ಟದ್ದನ್ನು ನಾನು ಕಂಡಿಲ್ಲ. ನೀರು ಇಳಿಜಾರಿಗೆ ಹರಿಯುವಂತೆ ಈ ಪತ್ರವೂ ಒಂದೇ ದಿಕ್ಕಿಗೆ ಹರಿಯುತ್ತದೆ. ಇದನ್ನು ನಾವು 'ಪ್ರೀತಿ ವಿಶ್ವಾಸದಿಂದ' ಎಂದು ಪತ್ರದಲ್ಲಿಯೇ ಬರೆಸುತ್ತೇವೆ.

ಪ್ರೀತಿಯ ಹೆಸರಿನಲ್ಲಿ ನಡೆಯುವ ಅತ್ಯಂತ ಅಗ್ಗದ ವ್ಯಾಪಾರವಿದು. ಅದನ್ನು ಅಷ್ಟು ಅಗ್ಗವಾಗಿಸಿರುವುದರಲ್ಲಿ ಸರ್ಕಾರದ ತೆರಿಗೆ ಮತ್ತು ಮುದ್ರಾಂಕ ಶುಲ್ಕದ ನಿಯಮಗಳಿಗೂ ಪಾಲಿದೆ ಎಂಬುದು ಈ ಲೇಖನದ ವಾದ. ಓದಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ.

ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಮೇಷ್ಟ್ರ ಸಹಿಗೆ ಊರಿನಲ್ಲಿ ಇನ್ನೂ ಸ್ವಲ್ಪ ಮರ್ಯಾದೆ ಉಳಿದಿರುವುದರಿಂದ ಸಾಕ್ಷಿ ಹಾಕಲು ಜನ ನನ್ನನ್ನು ಕರೆಯುವುದುಂಟು. ಇತ್ತೀಚೆಗೆ ಬಂಧುಗಳೊಬ್ಬರ ಮನೆಯಲ್ಲಿ ಇಂತಹುದೇ ಪತ್ರಕ್ಕೆ ಸಾಕ್ಷಿ ಹಾಕಲು ಕೇಳಿದರು. ನಾನು ಒಲ್ಲೆನೆಂದೆ. "ಹೆಣ್ಣುಮಕ್ಕಳೇ ಒಪ್ಪಿದ್ದಾರೆ, ನಿಮಗೇನು ಕಷ್ಟ ಮಾವ?" ಎಂದು ಕೇಳಿದವರಿಗೆ ಅಂದು ಜಗಲಿಯ ಮೇಲೆ ನಿಂತು ಪೂರ್ಣ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಇತಿಹಾಸ. (ಸಮಾಜ ವಿಜ್ಞಾನ ಕಲಿಸಿದವನಿಗೆ ಇಸವಿಗಳಿಲ್ಲದೆ ಮಾತು ಹೊರಡದು; ನನ್ನ ವಿದ್ಯಾರ್ಥಿಗಳು ಕ್ಷಮಿಸಬೇಕು.) ಹೆಣ್ಣುಮಕ್ಕಳಿಗೆ ಪಾಲು ಎಂಬುದು ನಿನ್ನೆ ಮೊನ್ನೆ ದೆಹಲಿಯಿಂದ ಬಂದ ವಿಚಾರವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು, ಕುಟುಂಬ ವಿಭಾಗವಾಗುವಾಗ ತಾಯಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ಕೊಡಿಸಿತು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ವಂಶವೂ ಆಸ್ತಿಯೂ ಸೋದರಿಯ ಸಂತಾನದ ಮೂಲಕವೇ ಸಾಗುತ್ತಿದ್ದವು. ಅಲ್ಲಿ ಸೂರ್ಯ ಪಶ್ಚಿಮದಲ್ಲೇನೂ ಹುಟ್ಟಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳನ್ನು ಮಗನ ಸಮಕ್ಕೆ ತಂದಿತಾದರೂ, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಆ ಕೊರತೆಯನ್ನು ತುಂಬಲು ಕರ್ನಾಟಕ ಮಾಡಿದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರು ಅದರಿಂದ ಹೊರಗುಳಿದರು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಯಾಗಿ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಜೀವಂತವಿರಬೇಕೇ ಬೇಡವೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರ ತೀರ್ಪಿನಲ್ಲಿ ಪರಿಹರಿಸಿತು. ಜೀವಂತವಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದು.

2005ರ ಕಾಯಿದೆಯಲ್ಲಿ ಗಮನಿಸಬೇಕಾದ ಇನ್ನೊಂದು ದಿನಾಂಕವಿದೆ: 2004ರ ಡಿಸೆಂಬರ್ 20. ಆ ದಿನಕ್ಕೆ ಮೊದಲು ಆಗಿದ್ದ ವಿಭಾಗಗಳಿಗೆ ಮಾತ್ರ ರಕ್ಷಣೆ, ಆನಂತರದವುಗಳಿಗೆ ಇಲ್ಲ. ಯಾಕೆ ಆ ದಿನ? ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದದ್ದು ಅಂದು. ಸುದ್ದಿ ತಿಳಿದೊಡನೆ ಕುಟುಂಬಗಳು ಓಡಿಹೋಗಿ ಗಂಡುಮಕ್ಕಳ ನಡುವೆ ವಿಭಾಗ ಬರೆಸಿಬಿಡುತ್ತವೆ ಎಂಬುದು ಶಾಸನ ಬರೆದವರಿಗೆ ಗೊತ್ತಿತ್ತು. ನಮ್ಮ ಪ್ರೀತಿ ವಿಶ್ವಾಸದ ಬಗ್ಗೆ ಸಂಸತ್ತಿಗೆ ಎಷ್ಟು ನಂಬಿಕೆಯಿತ್ತೆಂದು ಇದರಿಂದಲೇ ತಿಳಿಯಬಹುದು.

ಕಾನೂನು ಬದಲಾದಾಗ ಜನ ತಮ್ಮ ನಡವಳಿಕೆಯನ್ನು ಬದಲಿಸಿಕೊಳ್ಳುತ್ತಾರೆ. ಆದರೆ ಕಾನೂನು ಬಯಸಿದ ದಿಕ್ಕಿನಲ್ಲಿಯೇ ಬದಲಿಸಿಕೊಳ್ಳುತ್ತಾರೆಂಬ ಭರವಸೆಯಿಲ್ಲ. ಕರ್ನಾಟಕವೂ ಸೇರಿದಂತೆ ರಾಜ್ಯಗಳು ಮಾಡಿದ ಹಿಂದಿನ ತಿದ್ದುಪಡಿಗಳ ಪರಿಣಾಮವನ್ನು ಅಧ್ಯಯನ ಮಾಡಿ ಅರ್ಥಶಾಸ್ತ್ರಜ್ಞೆ ಸಂಚಾರಿ ರಾಯ್ 2015ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನೇ ಹೇಳುತ್ತದೆ. ಹೆಣ್ಣುಮಕ್ಕಳಿಗೆ ಆಸ್ತಿ ಬರುವ ಸಾಧ್ಯತೆ ಆ ಸುಧಾರಣೆಯಿಂದ ಹೆಚ್ಚಲಿಲ್ಲ. ತಂದೆತಾಯಿಗಳು ಜಮೀನನ್ನು ಗಂಡುಮಕ್ಕಳಿಗೆ ದಾನವಾಗಿ ಕೊಟ್ಟು ಕಾನೂನನ್ನು ಬಳಸಿಕೊಂಡು ಹೋದರು. ಹೆಣ್ಣುಮಕ್ಕಳಿಗೆ ಅದರ ಬದಲು ಹೆಚ್ಚಿನ ವರದಕ್ಷಿಣೆಯನ್ನೋ ಹೆಚ್ಚಿನ ಓದನ್ನೋ ಕೊಟ್ಟರು. ಕರ್ನಾಟಕ ಮತ್ತು ಮಹಾರಾಷ್ಟ್ರಗಳನ್ನೇ ಕುರಿತು 2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇಷ್ಟು ನಿರಾಶಾದಾಯಕವಾಗಿಲ್ಲ. ಹೆಣ್ಣುಮಕ್ಕಳಿಗೆ ಭೂಮಿ ಬರುವ ಸಾಧ್ಯತೆ ಹೆಚ್ಚಿತು, ಆದರೆ ಗಂಡು ಹೆಣ್ಣಿನ ನಡುವಣ ಅಂತರ ಅಳಿಯಲಿಲ್ಲ ಎನ್ನುತ್ತದೆ. ಓದು ಸಿಕ್ಕಿದ್ದು ಸಂತೋಷವೇ. ಆದರೆ ತಮ್ಮನ ಓದಿನ ಖರ್ಚನ್ನು ಅವನ ಪಾಲಿನಿಂದ ಯಾರೂ ಕಳೆಯಲಿಲ್ಲವಲ್ಲ?

ಈಗ ಸಹಿಯ ವಿಷಯಕ್ಕೆ ಬರುತ್ತೇನೆ. 2005ಕ್ಕೆ ಮೊದಲು ಪಿತ್ರಾರ್ಜಿತ ಜಮೀನು ಮಾರುವಾಗ ಅಕ್ಕತಂಗಿಯರ ಸಹಿಯನ್ನು ಅಷ್ಟಾಗಿ ಯಾರೂ ಕೇಳುತ್ತಿರಲಿಲ್ಲ. ಈಗ ಕೊಳ್ಳುವವನ ವಕೀಲರು ಮೊದಲು ಕೇಳುವುದೇ ವಂಶವೃಕ್ಷವನ್ನು. ಹೆಣ್ಣುಮಕ್ಕಳ ಸಹಿಯಿಲ್ಲವೆಂದರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಬಡಾವಣೆ ಮಾಡುವವನು ಮುಂಗಡ ಕೊಡುವುದಿಲ್ಲ. ಅಂದರೆ ಏನಾಯಿತು? ಕಾಸಿಗೂ ಬೇಡವಾಗಿದ್ದ ಆ ಸಹಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಬೆಲೆ ಬಂದ ವಸ್ತುವನ್ನು ಬೆಲೆ ಕೊಟ್ಟು ಪಡೆಯುವುದು ಲೋಕನ್ಯಾಯ. ನಾವು ಬೆಲೆ ಕೊಡಲಿಲ್ಲ. ಅರಿಶಿನ ಕುಂಕುಮ ಕೊಟ್ಟೆವು. ಹತ್ತು ವರ್ಷ ಹಬ್ಬಕ್ಕೂ ಕರೆಯದಿದ್ದ ತಂಗಿಯನ್ನು ಕಾರು ಕಳುಹಿಸಿ ಕರೆಸಿಕೊಂಡು, ಹೋಳಿಗೆ ಊಟ ಹಾಕಿ, ಸೀರೆ ಉಡಿಸಿ, ಸಂಜೆ ನಾಲ್ಕಕ್ಕೆ ಮೊದಲು ಕಚೇರಿಗೆ ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸುವುದನ್ನು ಎಷ್ಟು ಊರುಗಳಲ್ಲಿ ನೋಡಿಲ್ಲ ನಾವು?

ಕಪ್ಪುಹಲಗೆಯ ಮೇಲೆ ಒಂದು ಊಹೆಯ ಲೆಕ್ಕ ಹಾಕೋಣ. ತಂದೆತಾಯಿ ಇಲ್ಲ, ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ, ಊರಂಚಿನಲ್ಲಿ ಮೂರು ಎಕರೆ. ತಲಾ ಒಂದು ಎಕರೆ. ಎಕರೆಗೆ 60 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ತಂಗಿ ತನ್ನ ಎಕರೆಯನ್ನು ಹೊರಗಿನವರಿಗೆ ಮಾರಿದರೆ ಕ್ರಯಪತ್ರಕ್ಕೆ ಶೇ. 5ರ ಮುದ್ರಾಂಕ ಶುಲ್ಕವೇ 3 ಲಕ್ಷ ರೂಪಾಯಿ. ನೋಂದಣಿ ಶುಲ್ಕವನ್ನು ಕರ್ನಾಟಕ ಸರ್ಕಾರ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಿದ್ದರಿಂದ ಅದೊಂದು 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 20 ಸಾವಿರ. ಸೆಸ್ಸು, ಸರ್ಚಾರ್ಜು ಬೇರೆ. ಅದೇ ತಂಗಿ ಅದೇ ಎಕರೆಯನ್ನು ಅಣ್ಣಂದಿರಿಗೆ ಹಕ್ಕುಬಿಡುಗಡೆ ಮಾಡಿಕೊಟ್ಟರೆ ಕುಟುಂಬದೊಳಗಿನ ವ್ಯವಹಾರವೆಂದು ರಿಯಾಯಿತಿ. ಜಮೀನಿನ ಬೆಲೆ ಎಷ್ಟೇ ಇರಲಿ, ಕೆಲವೇ ಸಾವಿರ ರೂಪಾಯಿಗಳ ಸ್ಥಿರ ಶುಲ್ಕದಲ್ಲಿ ಕೆಲಸ ಮುಗಿಯುತ್ತದೆ. ಸೀರೆಯ ಬೆಲೆಯೂ ಸರ್ಕಾರದ ಶುಲ್ಕವೂ ಹೆಚ್ಚು ಕಡಿಮೆ ಸಮಸಮ. 60 ಲಕ್ಷದ ಆಸ್ತಿ ಕೈಬದಲಾಗಲು ಇಷ್ಟು ಸಾಕು.

ತೆರಿಗೆಯ ಉಳಿದ ಬಾಗಿಲುಗಳನ್ನೂ ನೋಡಿ. ಸತ್ತವರ ಆಸ್ತಿಯ ಮೇಲೆ 1953ರಿಂದ ಇದ್ದ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿ, ವಿ.ಪಿ. ಸಿಂಗ್ ಅವರು ಹಣಕಾಸು ಸಚಿವರಾಗಿದ್ದಾಗ, ತೆಗೆದುಹಾಕಲಾಯಿತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡಾರ್ 1956ರಲ್ಲಿ ಕೊಟ್ಟ ವರದಿಯ ಸಲಹೆಯಂತೆ ಬಂದ ಸಂಪತ್ತಿನ ತೆರಿಗೆ 2015ರ ಬಜೆಟ್ಟಿನಲ್ಲಿ ರದ್ದಾಯಿತು. ದಾನ ತೆರಿಗೆ 1998ರ ಅಕ್ಟೋಬರಿನಿಂದಲೇ ನಿಂತಿತ್ತು. ಹೊರಗಿನವರಿಂದ ವರ್ಷಕ್ಕೆ 50 ಸಾವಿರಕ್ಕಿಂತ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ ಅದು ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಒಡಹುಟ್ಟಿದವರಿಂದ ಬಂದರೆ ಕೋಟಿಯಾದರೂ ತೆರಿಗೆಯಿಲ್ಲ. ಎಸ್ಟೇಟ್ ಡ್ಯೂಟಿ ಇದ್ದ ಕಾಲದಲ್ಲಿ ಸಾವಿಗೆ ಹಿಂದಿನ ಎರಡು ವರ್ಷಗಳಲ್ಲಿ ಕೊಟ್ಟ ದಾನವನ್ನೂ ಸತ್ತವರ ಆಸ್ತಿಗೆ ಸೇರಿಸಿ ಲೆಕ್ಕ ಹಾಕುತ್ತಿದ್ದರು. ಜನ ಸಾವಿನ ಸುಳಿವು ಸಿಕ್ಕೊಡನೆ ದಾನಶೂರ ಕರ್ಣರಾಗುತ್ತಾರೆ ಎಂಬುದು ತೆರಿಗೆ ಇಲಾಖೆಗೆ ಆಗಲೇ ತಿಳಿದಿತ್ತು. ಶುಲ್ಕ ಎಲ್ಲಿ ಕಡಿಮೆಯೋ ಅಲ್ಲಿಗೆ ಔದಾರ್ಯ ಹರಿಯುತ್ತದೆ. ಹಳೆಯ ತೆರಿಗೆಗಳನ್ನೆಲ್ಲ ಮರಳಿ ತನ್ನಿ ಎಂದು ನಾನು ಹೇಳುತ್ತಿಲ್ಲ. ತಂಗಿಯ ಪಾಲು ಅಣ್ಣನ ಕೈಸೇರುವ ದಾರಿಯಲ್ಲಿ ಒಂದು ಕಲ್ಲೂ ಇಲ್ಲದಂತೆ ಸರ್ಕಾರವೇ ಗುಡಿಸಿಟ್ಟಿದೆ ಎಂಬುದಷ್ಟೇ ನನ್ನ ಮಾತು.

ಇನ್ನು ನನ್ನ ಎದುರು ಬರುವ ವಾದಗಳು. ಎಲ್ಲವನ್ನೂ ಕೇಳಿದ್ದೇನೆ, ಒಂದೊಂದಾಗಿ ಉತ್ತರಿಸುತ್ತೇನೆ.

ಮೊದಲನೆಯದು: "ಮದುವೆಗೆ ಖರ್ಚು ಮಾಡಿದ್ದೇವೆ, ಚಿನ್ನ ಹಾಕಿದ್ದೇವೆ." ಛತ್ರದ ಬಾಡಿಗೆ, ಅಡುಗೆಯವರ ಕೂಲಿ, ಚಪ್ಪರ, ಫೋಟೋ, ಇವುಗಳಲ್ಲಿ ಯಾವುದು ಮಗಳ ಕೈ ಸೇರಿತು? ಊರಿನವರ ಮುಂದೆ ಮನೆತನದ ಘನತೆ ತೋರಿಸಲು ಮಾಡಿದ ಖರ್ಚನ್ನು ಅವಳ ಲೆಕ್ಕಕ್ಕೆ ಬರೆಯುವುದು ಯಾವ ಲೆಕ್ಕಶಾಸ್ತ್ರ? ವರನಿಗೆ ಕೊಟ್ಟ ಹಣವನ್ನು ಹೇಳುವಿರಾದರೆ, 1961ರಿಂದಲೇ ಅದು ಅಪರಾಧ. ಅಪರಾಧವನ್ನು ಜಮಾ ಮಾಡಿ ಹಕ್ಕನ್ನು ಖರ್ಚು ಹಾಕಲು ಬರುವುದಿಲ್ಲ. ಚಿನ್ನವೊಂದನ್ನು ಬೇಕಾದರೆ ಲೆಕ್ಕ ಹಾಕಿ, ಆಗಲಿ. ಹಾಗೆಯೇ ಮಗನ ಮದುವೆಯ ಖರ್ಚನ್ನೂ, ಅವನು ಅಂಗಡಿ ಇಡಲು ಕೊಟ್ಟ ಬಂಡವಾಳವನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ.

ಎರಡನೆಯದು: "ಅವಳಿಗೆ ಗಂಡನ ಮನೆಯಲ್ಲಿ ಬರುತ್ತದಲ್ಲ?" ಬರುವುದಿಲ್ಲ. ಗಂಡನ ಮನೆಯ ಪಿತ್ರಾರ್ಜಿತದಲ್ಲಿ ಸೊಸೆಗೆ ಹುಟ್ಟಿನ ಹಕ್ಕು ಇಲ್ಲವೇ ಇಲ್ಲ; ಗಂಡ ತೀರಿಕೊಂಡ ಮೇಲೆ ಅವನ ಪಾಲಿನಲ್ಲಿ ಒಬ್ಬ ವಾರಸುದಾರಳಾಗುತ್ತಾಳೆ, ಅಷ್ಟೇ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯನ್ನು ಹೇಳಿ ಇಲ್ಲಿಂದ ಹೊರಗಿಟ್ಟವರು, ಅಲ್ಲಿ ಒಳಗಿದ್ದಾಳೆಯೇ ಎಂದು ವಿಚಾರಿಸಿದ್ದೇ ಇಲ್ಲ. ಆಸ್ತಿ ಬೇರೆ ವಂಶಕ್ಕೆ ಹೋಗುತ್ತದೆಂಬ ಭಯವಿರುವವರು ಇದನ್ನೂ ತಿಳಿದಿರಲಿ: ಉಯಿಲು ಬರೆಯದೆ, ಮಕ್ಕಳಾಗಲಿ ಮೊಮ್ಮಕ್ಕಳಾಗಲಿ ಇಲ್ಲದೆ ಹೆಣ್ಣುಮಗಳೊಬ್ಬಳು ತೀರಿಕೊಂಡರೆ, ತಂದೆತಾಯಿಯಿಂದ ಉತ್ತರಾಧಿಕಾರವಾಗಿ ಅವಳಿಗೆ ಬಂದ ಆಸ್ತಿ ಗಂಡನ ಕಡೆಗೆ ಹೋಗದೆ ತಂದೆಯ ವಾರಸುದಾರರಿಗೇ ಮರಳುತ್ತದೆ. 1956ರ ಕಾಯಿದೆಯಲ್ಲಿಯೇ ಹೀಗಿದೆ.

ಮೂರನೆಯದು: "ಜಮೀನು ಚೂರುಚೂರಾಗುತ್ತದೆ." ನಾಲ್ವರು ಅಣ್ಣತಮ್ಮಂದಿರಿದ್ದರೆ ನಾಲ್ಕು ಚೂರು ಮಾಡುವಾಗ ಈ ಕಾಳಜಿ ಎಲ್ಲಿರುತ್ತದೆ? ಜಮೀನು ತುಂಡಾಗದಿರಲೆಂದು ಕೊನೆಯ ತಮ್ಮನಿಂದ ಹಕ್ಕುಬಿಡುಗಡೆ ಬರೆಸಿಕೊಂಡವರಿದ್ದರೆ ತಿಳಿಸಿ, ಅವರ ಮನೆಗೆ ಹೋಗಿ ಕೈಮುಗಿದು ಬರುತ್ತೇನೆ. ಭೂಮಿಯನ್ನು ಒಬ್ಬನೇ ಉಳುವುದು ಒಳ್ಳೆಯದೆನ್ನಿಸಿದರೆ ಉಳಿದವರ ಪಾಲಿಗೆ ಬೆಲೆ ಕಟ್ಟಿ ಐದು ವರ್ಷದ ಕಂತಿನಲ್ಲಿ ಕೊಡಬಹುದು. ಟ್ರಾಕ್ಟರಿನ ಸಾಲಕ್ಕೆ ಕಂತು ಕಟ್ಟಬಲ್ಲವರು ತಂಗಿಗೂ ಕಟ್ಟಬಲ್ಲರು.

ನಾಲ್ಕನೆಯದು ಮಾತ್ರ ತೂಕದ ವಾದ: "ತಂದೆತಾಯಿಯನ್ನು ನೋಡಿಕೊಂಡವರು ನಾವು." ನಿಜವಾಗಿ ನೋಡಿಕೊಂಡವರಿಗೆ ಅದರ ಮನ್ನಣೆ ಸಿಗಲೇಬೇಕು. ಆಸ್ಪತ್ರೆಯ ಖರ್ಚನ್ನೂ ಆರೈಕೆಯ ವರ್ಷಗಳನ್ನೂ ಲೆಕ್ಕ ಹಾಕಿ, ವಿಭಾಗಪತ್ರದಲ್ಲಿ ಬಹಿರಂಗವಾಗಿ ಬರೆದು, ಅಷ್ಟನ್ನು ಹೆಚ್ಚಾಗಿ ತೆಗೆದುಕೊಳ್ಳಿ. ಯಾವ ನ್ಯಾಯವಂತ ತಂಗಿಯೂ ಬೇಡವೆನ್ನಲಾರಳು. ಆದರೆ ಎರಡು ಮಾತು. ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿದವಳು ಸಾಮಾನ್ಯವಾಗಿ ಸೊಸೆ. ಪಾಲು ಕೇಳುವವನು ಮಗ. ಮತ್ತೆ, ಹಿರಿಯ ನಾಗರಿಕರ ಪೋಷಣೆಗಾಗಿ ಬಂದ 2007ರ ಕಾಯಿದೆಯು 'ಮಕ್ಕಳು' ಎಂದರೆ ಮಗ, ಮಗಳು ಇಬ್ಬರೂ ಎನ್ನುತ್ತದೆ. ಪಾಲು ಬಿಟ್ಟುಕೊಟ್ಟಳೆಂದು ಮಗಳ ಹೊಣೆ ತಪ್ಪುವುದಿಲ್ಲ. ಹೊಣೆಯಲ್ಲಿ ಸಮಪಾಲು, ಹಕ್ಕಿನಲ್ಲಿ ಸೊನ್ನೆ!

ಕೊನೆಯದು, ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುವ ಮಾತು: "ಅವಳೇ ಸಂತೋಷದಿಂದ ಬಿಟ್ಟುಕೊಟ್ಟಳು." ಸಂತೋಷವನ್ನು ಅಳೆಯಲು ಒಂದು ಸುಲಭ ವಿಧಾನವಿದೆ. ಅವಳು ಒಲ್ಲೆನೆಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳಿ. ಗೌರಿ ಹಬ್ಬದ ಬಾಗಿನ ಬರುತ್ತಿತ್ತೇ? ಪಂಚಮಿಗೆ ಕರೆಯಲು ಅಣ್ಣ ಹೋಗುತ್ತಿದ್ದನೇ? ಅವಳ ಮಗಳ ಮದುವೆಯಲ್ಲಿ ಸೋದರಮಾವ ನಿಂತು ಶಾಸ್ತ್ರ ನಡೆಸುತ್ತಿದ್ದನೇ? ಒಲ್ಲೆನೆನ್ನುವುದರ ಬೆಲೆ ಇಡೀ ತವರುಮನೆ. ಹೂಂ ಎನ್ನುವುದರ ಬೆಲೆ ಒಂದು ಪಾಲು. ಹೀಗೆ ತಕ್ಕಡಿ ಕಟ್ಟಿದ ಮೇಲೆ ಯಾರಾದರೂ 'ಸಂತೋಷದಿಂದಲೇ' ಸಹಿ ಹಾಕುತ್ತಾರೆ. ಗಂಡ ಹೊಡೆದರೆ, ಬಿಟ್ಟರೆ, ಸತ್ತರೆ ಹೋಗಿ ನಿಲ್ಲಲು ಅವಳಿಗಿರುವುದು ಅದೊಂದೇ ಹೊಸ್ತಿಲು. ಆ ಹೊಸ್ತಿಲಿನ ಭರವಸೆಗಾಗಿ ಅವಳು ತನ್ನ ಇಡೀ ಪಾಲನ್ನು ವಿಮೆಯ ಕಂತಿನಂತೆ ಕಟ್ಟುತ್ತಿದ್ದಾಳೆ. ಆದರೆ ಈ ವಿಮೆಗೆ ಪಾಲಿಸಿಯ ಕಾಗದವಿಲ್ಲ. ಅತ್ತಿಗೆಯ ಮುಖ ಸಿಂಡರಿಸಿದ ದಿನ ಅದು ರದ್ದು.

ಪಾಲು ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೂ ಆಧಾರವಿದೆ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್ವಾಲ್ ಅವರು ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಸ್ತಿಯಿಲ್ಲದ ವಿವಾಹಿತ ಸ್ತ್ರೀಯರಲ್ಲಿ ಶೇ. 49ರಷ್ಟು ಮಂದಿ ಗಂಡನಿಂದ ದೈಹಿಕ ಹಿಂಸೆಯನ್ನು ಅನುಭವಿಸಿದ್ದರು. ಭೂಮಿ, ಮನೆ ಎರಡೂ ಸ್ವಂತ ಹೆಸರಿನಲ್ಲಿದ್ದವರಲ್ಲಿ ಆ ಪ್ರಮಾಣ ಶೇ. 7 ಮಾತ್ರ. ನಿಮ್ಮ ತಂಗಿಯ ಮೇಲೆ ನಿಮಗೆ ಅಷ್ಟೊಂದು ಪ್ರೀತಿಯಿದ್ದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಅವಳಿಗೆ ರಕ್ಷಣೆ ಕೊಡುವುದು ವರ್ಷಕ್ಕೊಂದು ಸೀರೆಯೋ, ಒಂದು ಪಹಣಿಯೋ?

ಸರ್ಕಾರ ಮಾಡಬಹುದಾದದ್ದು ಬಹಳವಿಲ್ಲ, ಮೂರೇ ಕೆಲಸ. ಮೊದಲನೆಯದಾಗಿ, ಬಿಟ್ಟುಕೊಡುತ್ತಿರುವ ಪಾಲಿನ ಮಾರ್ಗಸೂಚಿ ಬೆಲೆಯನ್ನು ಹಕ್ಕುಬಿಡುಗಡೆ ಪತ್ರದ ಮೊದಲ ಪುಟದಲ್ಲಿಯೇ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ಸಹಿ ಹಾಕುವವರಿಗೆ ಅದನ್ನು ಓದಿ ಹೇಳಬೇಕು. ಎರಡನೆಯದಾಗಿ, ಬರೆದುಕೊಡುವವಳನ್ನು ಅಣ್ಣತಮ್ಮಂದಿರಿಲ್ಲದ ಕೋಣೆಯಲ್ಲಿ ಅಧಿಕಾರಿ ಒಬ್ಬಳನ್ನೇ ಕೇಳಿ, ಮೂವತ್ತು ದಿನ ಬಿಟ್ಟು ನೋಂದಣಿ ಮಾಡಬೇಕು. ಪ್ರೀತಿಯಾಗಿದ್ದರೆ ಮೂವತ್ತು ದಿನದಲ್ಲಿ ಆರಿಹೋಗುವುದಿಲ್ಲ. ಮೂರನೆಯದಾಗಿ, ಏನನ್ನೂ ಪಡೆಯದೆ ಬಿಟ್ಟುಕೊಡುವ ಪತ್ರಗಳಿಗೆ ಇರುವ ಶುಲ್ಕದ ರಿಯಾಯಿತಿಯನ್ನು ತೆಗೆದು, ಕ್ರಯಪತ್ರಕ್ಕೆ ಇರುವಷ್ಟೇ ಶುಲ್ಕವನ್ನು ಬರೆಸಿಕೊಳ್ಳುವವರಿಂದ ವಸೂಲು ಮಾಡಬೇಕು. ಎಲ್ಲರೂ ಪಾಲು ಪಡೆಯುವ ವಿಭಾಗಪತ್ರಕ್ಕೆ ರಿಯಾಯಿತಿ ಹಾಗೆಯೇ ಇರಲಿ. ಆಗ ನ್ಯಾಯವಾಗಿ ಹಂಚಿಕೊಳ್ಳುವವರಿಗೆ ಒಂದು ಪೈಸೆಯೂ ನಷ್ಟವಿಲ್ಲ. 60 ಲಕ್ಷದ ಪಾಲನ್ನು ಪುಕ್ಕಟೆ ಪಡೆಯಲು 4 ಲಕ್ಷ ಕೊಡಬೇಕಾಗಿ ಬಂದರೆ, ಅದೇ ಹಣಕ್ಕೆ ಇನ್ನಷ್ಟು ಸೇರಿಸಿ ತಂಗಿಗೇ ಕೊಡೋಣವೆಂಬ ಬುದ್ಧಿ ಕೆಲವರಿಗಾದರೂ ಹುಟ್ಟೀತು. ಕೆಲವರು ನೋಂದಣಿಯನ್ನೇ ತಪ್ಪಿಸಿ ಬಿಳಿ ಹಾಳೆಯ ಮೇಲೆ ಬರೆಸಿಕೊಳ್ಳಬಹುದು, ನಿಜ. ಆದರೆ ಆ ಹಾಳೆಯನ್ನು ನಂಬಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ನನ್ನಲ್ಲಿ ಓದಿದ ಹೆಣ್ಣುಮಕ್ಕಳೇ, ತವರಿನಿಂದ ಇಂತಹ ಕರೆ ಬಂದಾಗ ಜಗಳವಾಡಬೇಡಿ. ನಾಲ್ಕು ಪ್ರಶ್ನೆ ಕೇಳಿ. ಆಸ್ತಿ ಪಿತ್ರಾರ್ಜಿತವೋ, ಅಪ್ಪನ ಸ್ವಯಾರ್ಜಿತವೋ? ನನ್ನ ಪಾಲೆಷ್ಟು, ಅದರ ಇಂದಿನ ಬೆಲೆಯೆಷ್ಟು? ಪತ್ರದ ಪ್ರತಿಯನ್ನು ಒಂದು ವಾರ ಮೊದಲೇ ಕೊಡುವಿರಾ? ವಿಭಾಗಪತ್ರ ಮಾಡಿದರೆ ಆಗುವುದಿಲ್ಲವೇ? ಇನ್ನೊಂದು ವಿಷಯ ನೆನಪಿಡಿ. ಅಪ್ಪ ಬದುಕಿರುವಾಗ ಅವರ ಸ್ವಯಾರ್ಜಿತದಲ್ಲಿ ನಿಮಗಾಗಲಿ ನಿಮ್ಮ ಅಣ್ಣನಿಗಾಗಲಿ ಇನ್ನೂ ಹಕ್ಕು ಹುಟ್ಟಿಲ್ಲ. ಹುಟ್ಟದ ಹಕ್ಕನ್ನು ಮುಂಗಡವಾಗಿ ಬಿಟ್ಟುಕೊಡಿ ಎಂದು ಕೇಳುವವರಿಗೆ ಯಾವುದೋ ಅವಸರವಿದೆಯೆಂದು ತಿಳಿಯಿರಿ. ಎಲ್ಲವನ್ನೂ ತಿಳಿದ ಮೇಲೆಯೂ ಬಿಟ್ಟುಕೊಡುವ ಮನಸ್ಸಾದರೆ ಬಿಟ್ಟುಕೊಡಿ. ಅದು ನಿಮ್ಮ ಸ್ವಾತಂತ್ರ್ಯ, ಅದನ್ನು ದಾನವೆಂದು ನಾನೂ ಒಪ್ಪುತ್ತೇನೆ.

ಗಂಡುಹುಡುಗರಿಗೆ ಒಂದೇ ಮಾತು. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನವನ್ನು ಆರಂಭಿಸಿತು. ಸತ್ತವರ ಹೆಸರಿನಲ್ಲಿಯೇ ಉಳಿದಿರುವ ಲಕ್ಷಾಂತರ ಪಹಣಿಗಳನ್ನು ವಾರಸುದಾರರ ಹೆಸರಿಗೆ ತರುವುದು ಅದರ ಉದ್ದೇಶ. ನಿಮ್ಮ ಮನೆಯ ಬಾಗಿಲಿಗೂ ಗ್ರಾಮ ಆಡಳಿತ ಅಧಿಕಾರಿ ಬಂದು ವಂಶವೃಕ್ಷ ಕೇಳಬಹುದು. ಆಗ ಅಕ್ಕತಂಗಿಯರ ಹೆಸರುಗಳನ್ನು ಬಿಡದೆ ಬರೆಸಿ. ಮದುವೆಯಾದವರನ್ನೂ ಬರೆಸಿ, ತೀರಿಕೊಂಡವರಿದ್ದರೆ ಅವರ ಮಕ್ಕಳನ್ನೂ ಬರೆಸಿ.

ಬಂಧುಗಳಲ್ಲಿ ಒಂದು ವಿನಂತಿ. ಕ್ರಯಪತ್ರಕ್ಕೆ, ವಿಭಾಗಪತ್ರಕ್ಕೆ, ಮದುವೆಯ ನೋಂದಣಿಗೆ ನನ್ನನ್ನು ಧಾರಾಳವಾಗಿ ಕರೆಯಿರಿ. ಬಂದು ಸಾಕ್ಷಿ ಹಾಕುತ್ತೇನೆ, ಊಟವನ್ನೂ ಮಾಡಿ ಹೋಗುತ್ತೇನೆ. ತಂಗಿಯ ಹಕ್ಕು ಬಿಡಿಸುವ ಪತ್ರಕ್ಕೆ ಮಾತ್ರ ಕರೆಯಬೇಡಿ.

ಇತಿ,
ನಿಮ್ಮ ಮೇಷ್ಟ್ರು